ಮೀಟರ್ ಡೋಸ್ ಹೇಳುತ್ತದೆ, ಮುದ್ದೆ ತೂಗೋದು ನಾವೇ

ನನ್ನ ಮಗಳಿಗೆ ಟೈಪ್ 1 ಡಯಾಬಿಟಿಸ್. ಈಗ ಹೈಸ್ಕೂಲಿನಲ್ಲಿದ್ದಾಳೆ. ರಾತ್ರಿ ಒಂದು ಸಲ ನಿಧಾನವಾಗಿ ಕೆಲಸ ಮಾಡುವ ಬೇಸಲ್ ಇನ್ಸುಲಿನ್, ಮೂರು ಹೊತ್ತು ಊಟಕ್ಕೆ ಮುಂಚೆ ಬೇಗ ಕೆಲಸ ಮಾಡುವ ಇನ್ಸುಲಿನ್. ಬೇಸಲ್ ದಿನಾ ಒಂದೇ ಅಳತೆ. ಊಟದ್ದು ಮಾತ್ರ ಪ್ರತಿ ಸಲ ಹೊಸ ಲೆಕ್ಕ. ಬೆರಳಿನ ರಕ್ತದಲ್ಲಿ ಶುಗರ್ ನೋಡಿ, ಆ ಲೆಕ್ಕವನ್ನೂ ಮಾಡಿ ಇಷ್ಟು ಯುನಿಟ್ ಅಂತ ತೋರಿಸುವ ಮೀಟರ್ ನಮ್ಮ ಮನೆಯಲ್ಲಿದೆ. ಜಯನಗರದ ಕ್ಲಿನಿಕ್‌ನಲ್ಲಿ ಕಾಯುತ್ತಾ ಕೂತಾಗ ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಅದನ್ನು ನೋಡಿ, ಒಳ್ಳೇದಾ, ನಾವೂ ತಗೋಬಹುದಾ ಅಂತ ಕೇಳುತ್ತಾರೆ. ಅಷ್ಟರಲ್ಲಿ ನಮ್ಮ ಟೋಕನ್ ಕರೆದುಬಿಡುತ್ತಾರೆ, ಅರ್ಧ ಹೇಳಿ ಎದ್ದು ಹೋಗಬೇಕಾಗುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ತಗೊಳ್ಳಿ ಅಂತಲೇ ನನ್ನ ಮಾತು. ಆದರೆ ಕೂಡೋದು ಭಾಗಿಸೋದು ತಪ್ಪುತ್ತದೆ ಅನ್ನುವ ಕಾರಣಕ್ಕೆ ತಗೊಳ್ಳೋದಾದರೆ ಬೇಡ, ಅಷ್ಟು ಲೆಕ್ಕ ನಮ್ಮ ಮಕ್ಕಳಿಗೇ ಬರುತ್ತದೆ. ಆಗಲೇ ಕೊಟ್ಟ ಇನ್ಸುಲಿನ್‌ನಲ್ಲಿ ಇನ್ನೂ ಎಷ್ಟು ಮೈಯಲ್ಲಿ ಕೆಲಸ ಮಾಡುತ್ತಿದೆ ಅನ್ನೋದನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಆ ಒಂದು ಕೆಲಸಕ್ಕಾಗಿ ತಗೊಳ್ಳಿ.

ಮೊದಲು ಲೆಕ್ಕ ಹೇಗೆ ಅಂತ ಹೇಳಿಬಿಡುತ್ತೇನೆ. ಡಾಕ್ಟರ್ ಮೂರು ನಾಲ್ಕು ಸಂಖ್ಯೆ ಕೊಡುತ್ತಾರೆ. ಒಂದು ಯುನಿಟ್ ಎಷ್ಟು ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಊಟದಲ್ಲಿರುವ ಪಿಷ್ಟ, ಸಕ್ಕರೆ) ಸಂಭಾಳಿಸುತ್ತದೆ, ಒಂದು ಯುನಿಟ್ ಶುಗರ್ ಎಷ್ಟು ಇಳಿಸುತ್ತದೆ, ಶುಗರ್ ಎಷ್ಟಕ್ಕೆ ಬರಬೇಕು, ಇನ್ಸುಲಿನ್ ಎಷ್ಟು ಹೊತ್ತು ಕೆಲಸ ಮಾಡುತ್ತದೆ. ಶುರುವಿಗೆ ಒಂದು ಅಂದಾಜು ಇದೆ: ದಿನದ ಒಟ್ಟು ಇನ್ಸುಲಿನ್‌ನಿಂದ 500 ಭಾಗಿಸಿದರೆ ಮೊದಲನೇದು, 1800 ಭಾಗಿಸಿದರೆ ಎರಡನೇದು. ದಿನಕ್ಕೆ ಒಟ್ಟು 36 ಯುನಿಟ್ ಇದ್ದರೆ ಒಂದು ಯುನಿಟ್‌ಗೆ ಸುಮಾರು 14 ಗ್ರಾಂ ಕಾರ್ಬ್, ಮತ್ತೆ ಒಂದು ಯುನಿಟ್‌ಗೆ ಶುಗರ್ 50 ಇಳಿಯುತ್ತದೆ. ಇದು ಬರೀ ಶುರು. ಆಮೇಲೆ ರೀಡಿಂಗ್ ನೋಡಿ ನೋಡಿ ಡಾಕ್ಟರ್ ತಿದ್ದುತ್ತಾರೆ, ಬೆಳಿಗ್ಗೆಗೆ ಒಂದು ಅಳತೆ ರಾತ್ರಿಗೆ ಒಂದು ಅಳತೆ ಆಗುತ್ತದೆ, ಯಾಕಂದ್ರೆ ತುಂಬಾ ಮಕ್ಕಳಿಗೆ ಬೆಳಗಿನ ತಿಂಡಿಗೆ ಜಾಸ್ತಿ ಇನ್ಸುಲಿನ್ ಬೇಕು. ಈ ಸಂಖ್ಯೆಗಳನ್ನು ಮೀಟರ್‌ಗೆ ನೀವೇ ಊಹಿಸಿ ಹಾಕಬೇಡಿ. ಪಕ್ಕದ ಮನೆ ಮಗುವಿನ ಸಂಖ್ಯೆಯನ್ನಂತೂ ಬೇಡವೇ ಬೇಡ.

ಈಗ ಒಂದು ರಾತ್ರಿ ಊಟ ನೋಡಿ. ಎಂಟು ಗಂಟೆ, ಮುದ್ದೆ ಬಸ್ಸಾರು. ಶುಗರ್ 190. ಊಟದ ಕಾರ್ಬ್ 56 ಗ್ರಾಂ, ಅಂದರೆ 14ರ ಲೆಕ್ಕದಲ್ಲಿ 4 ಯುನಿಟ್. 190ರಿಂದ 120ಕ್ಕೆ ಇಳಿಸೋಕೆ 1.4. ಒಟ್ಟು 5.4, ಅರ್ಧರ್ಧ ಯುನಿಟ್ ಅಳೆಯುವ ಇನ್ಸುಲಿನ್ ಪೆನ್‌ನಲ್ಲಿ ಐದೂವರೆ. ಇಲ್ಲಿಯವರೆಗೆ ಕಾಗದದ ಮೇಲೂ ಮಾಡಬಹುದು. ಹತ್ತು ಗಂಟೆಗೆ ಮಲಗೋ ಮುಂಚೆ ಮತ್ತೆ ಬೆರಳು ಚುಚ್ಚಿ ನೋಡಿದರೆ 245. ಮಗು ಮಲಗಬೇಕು, 245 ಇಟ್ಟುಕೊಂಡು ಹೇಗೆ ಮಲಗಿಸೋದು ಅಂತ ಯಾವ ತಾಯಿಗಾದರೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಸುಮ್ನೆ ಭಾಗಿಸಿದರೆ ಎರಡೂವರೆ ಯುನಿಟ್ ಕೊಡಬೇಕು. ಮೀಟರ್‌ನಲ್ಲಿ ಬಂದದ್ದು ಸೊನ್ನೆ. ಎಂಟು ಗಂಟೆಗೆ ಕೊಟ್ಟ ಐದೂವರೆಯಲ್ಲಿ, ನಾಲ್ಕು ಗಂಟೆ ಅವಧಿ ಅಂತ ಹಿಡಿದರೆ, ಅರ್ಧ ಇನ್ನೂ ಮೈಯಲ್ಲೇ ಇದೆ. ಎರಡೂ ಮುಕ್ಕಾಲು ಯುನಿಟ್ ಕೆಲಸ ಬಾಕಿ. ಅದರ ಮೇಲೆ ಎರಡೂವರೆ ಹೇರಿದರೆ ನಡುರಾತ್ರಿ ಒಂದು ಗಂಟೆ ಹೊತ್ತಿಗೆ, ಮನೆಯವರೆಲ್ಲ ನಿದ್ದೆಯಲ್ಲಿರುವಾಗ, ಮಗುವಿಗೆ ಲೋ ಆಗುತ್ತದೆ, ಅಂದರೆ ಶುಗರ್ ಅಪಾಯ ಆಗುವಷ್ಟು ಇಳಿಯುತ್ತದೆ.

"ಅಮ್ಮಾ, ಬೇಡ ಅಂತಿದೆ. ಮಲಗ್ಲಾ?" ಅಂದಳು ಮಗಳು.

"ಮಲಗು ಪುಟ್ಟಿ. ನಾನು ಹನ್ನೆರಡಕ್ಕೆ ಎದ್ದು ನೋಡ್ತೀನಿ."

ಹನ್ನೆರಡಕ್ಕೆ 150ರ ಹತ್ತಿರ ಇತ್ತು. ಕೊಡಬೇಡ ಅಂತ ಹೇಳುವ ಯಂತ್ರ ನನಗೆ ಕೊಡು ಅನ್ನುವ ಯಂತ್ರಕ್ಕಿಂತ ದೊಡ್ಡದು. ಇಡೀ ದಿನ ಕೆಲಸ ಮಾಡಿ ಸುಸ್ತಾದ ತಲೆಗೆ ಎರಡು ಗಂಟೆ ಹಿಂದಿನ ಡೋಸ್ ನೆನಪಿದ್ದರೂ ಅದರಲ್ಲಿ ಎಷ್ಟು ಉಳಿದಿದೆ ಅಂತ ಹೊಳೆಯೋದಿಲ್ಲ, ಭಯ ಇದ್ದಾಗ ಇನ್ನೂ ಇಲ್ಲ.

ಆದರೆ ಎಲ್ಲ ಮೀಟರ್‌ಗಳೂ ಈ ಲೆಕ್ಕವನ್ನು ಒಂದೇ ಥರ ಮಾಡೋದಿಲ್ಲ. ಇದನ್ನು ಅಂಗಡಿಯಲ್ಲಿ ಯಾರೂ ಹೇಳೋದಿಲ್ಲ. ಕೆಲವು ಊಟಕ್ಕೆ ಕೊಟ್ಟದ್ದು, ಶುಗರ್ ಇಳಿಸೋಕೆ ಕೊಟ್ಟದ್ದು ಎರಡನ್ನೂ ಬಾಕಿ ಅಂತ ಹಿಡಿಯುತ್ತವೆ. ಇನ್ನು ಕೆಲವು ಇಳಿಸೋಕೆ ಕೊಟ್ಟದ್ದನ್ನು ಮಾತ್ರ ಹಿಡಿದು, ಊಟ ಆದಮೇಲೆ ಶುಗರ್ ಇಷ್ಟರವರೆಗೆ ಏರೋದು ಸಹಜ ಅಂತ ಬೇರೆ ಒಂದು ಮಿತಿ ಕೇಳುತ್ತವೆ. ನಿಮ್ಮದು ಯಾವ ಜಾತಿ ಅಂತ ಪುಸ್ತಕ ತೆಗೆದು ಓದಿ, ಡಾಕ್ಟರಿಗೂ ತೋರಿಸಿ. ಇನ್ನೊಂದು, ಮೀಟರ್‌ಗೆ ಹೇಳಿದ್ದು ಮಾತ್ರ ಮೀಟರ್‌ಗೆ ಗೊತ್ತು. ಮದುವೆ ಮನೆಯಲ್ಲಿ ಪಾಯಸಕ್ಕೆ ಅಂತ ಎರಡು ಯುನಿಟ್ ಹಾಕಿಕೊಂಡು ಅದನ್ನು ದಾಖಲು ಮಾಡದಿದ್ದರೆ ಮುಂದಿನ ಮೂರು ನಾಲ್ಕು ಗಂಟೆ ಅದು ಹೇಳುವ ಡೋಸ್ ನಂಬೋ ಹಾಗಿಲ್ಲ.

ಇನ್ನು ಕಾರ್ಬ್. ನಿಜವಾದ ದುಡಿಮೆ ಇರೋದು ಇಲ್ಲಿ. ಮೀಟರ್ ಕಾರ್ಬ್ ಎಷ್ಟು ಅಂತ ಕೇಳುತ್ತದೆ, ನೀವು ಹೇಳಬೇಕು. ಪಾಶ್ಚಾತ್ಯರಿಗೆ ಬ್ರೆಡ್ ಪ್ಯಾಕೆಟ್ ಮೇಲೆ ಅಚ್ಚಾಗಿರುತ್ತದೆ. ಮುದ್ದೆ ಮೇಲೆ ಯಾರು ಅಚ್ಚು ಹಾಕುತ್ತಾರೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ಆಹಾರ ಪದಾರ್ಥಗಳ ಪಟ್ಟಿ ತಂದಿದೆ, ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬ್. ನಮ್ಮ ಮನೆಯಲ್ಲಿ 300 ಗ್ರಾಂ ಹಿಟ್ಟು ಹಾಕಿ ತೊಳಸಿದರೆ ಒಟ್ಟು ಮುದ್ದೆ ಸುಮಾರು 900 ಗ್ರಾಂ ತೂಗುತ್ತದೆ. ಅಂದರೆ 100 ಗ್ರಾಂ ಮುದ್ದೆಗೆ 22 ಗ್ರಾಂ ಕಾರ್ಬ್. 200 ಗ್ರಾಂ ಮುದ್ದೆಗೆ 44, ಜೊತೆಗೆ ಬಸ್ಸಾರಿನ ಕಾಳು ಪಲ್ಯಕ್ಕೆ 12, ಮೇಲೆ ಹೇಳಿದ 56 ಬಂದದ್ದು ಹೀಗೆ. ನೀವು ನೀರು ಜಾಸ್ತಿ ಹಾಕುವವರಾದರೆ ನಿಮ್ಮ ಸಂಖ್ಯೆ ಬೇರೆ. ಇಡ್ಲಿಗೂ ಹೀಗೇ: ಅಕ್ಕಿ ಉದ್ದು ನೆನೆಹಾಕುವಾಗಲೇ ತೂಗಿ, ಒಟ್ಟು ಕಾರ್ಬ್ ತೆಗೆದು, ಎಷ್ಟು ಇಡ್ಲಿ ಆಯ್ತು ಅಂತ ಎಣಿಸಿ ಭಾಗಿಸಿದರೆ ಆಯ್ತು. ನಮ್ಮ ತಟ್ಟೆಯ ಅಳತೆಗೆ ಒಂದಕ್ಕೆ 12 ಗ್ರಾಂ ಬರುತ್ತದೆ.

ಸ್ಕೂಲಿನ ಡಬ್ಬಿ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ ಕಳಿಸುತ್ತೇನೆ. "ಚಿತ್ರಾನ್ನ 48, ಮೊಸರು 4." ಅಷ್ಟೇ ಬರೆದಿರುತ್ತೇನೆ. ಅವಳು ಮೀಟರ್‌ಗೆ 52 ಒತ್ತುತ್ತಾಳೆ. ಅರ್ಧ ತಿಂದು ಬಿಡುವ ದಿನಗಳೂ ಇರುತ್ತವೆ, ಅದಕ್ಕೆ ತಿನ್ನುತ್ತೀನಿ ಅಂತ ಖಾತ್ರಿ ಇರುವಷ್ಟಕ್ಕೆ ಮಾತ್ರ ಒತ್ತು ಅಂತ ಹೇಳಿಕೊಟ್ಟಿದ್ದೇವೆ.

ನಮ್ಮ ಅತ್ತೆಯವರಿಗೆ ಮೊದಮೊದಲು ಈ ತಕ್ಕಡಿ ಕಂಡರೆ ಆಗುತ್ತಿರಲಿಲ್ಲ. ಮಗುವಿನ ಅನ್ನ ತೂಗಬಾರದು ಅಂತ ಅವರಿಗೆ ನೋವು. ಒಂದು ಸಂಜೆ ದೊಡ್ಡ ಲೋಟದಲ್ಲಿ ಹಾಲು ಕೊಟ್ಟು, "ಸಕ್ಕರೆ ಹಾಕಿಲ್ಲ ಕಣಮ್ಮ, ಕುಡೀಲಿ ಬಿಡು" ಅಂದರು. ಸಕ್ಕರೆ ಹಾಕದಿದ್ದರೂ 200 ಎಂಎಲ್ ಹಾಲಿನಲ್ಲಿ ಹತ್ತು ಗ್ರಾಂ ಹತ್ತಿರ ಕಾರ್ಬ್ ಇರುತ್ತದೆ ಅತ್ತೆ, ಕುಡಿಯಲಿ, ಆದರೆ ಲೆಕ್ಕಕ್ಕೆ ಬರಲಿ ಅಂದೆ. ಈಗ ಅವರೇ ಅವರೆಕಾಳು ಬಿಡಿಸಿ ತೂಗಿ, ಹಿತುಕಿದ ಬೇಳೆ ಸಾರಿಗೆ ಎಷ್ಟು ಹಾಕಿದೆ ಅಂತ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡುತ್ತಾರೆ. ಡಿಸೆಂಬರ್ ಜನವರಿಯಲ್ಲಿ ಸೊಗಡವರೆ ಬಂದರೆ ನಮ್ಮ ಮನೆಯಲ್ಲಿ ಬೇರೆ ಏನೂ ಬೇಯೋದಿಲ್ಲ, ಹಾಗಾಗಿ ಆ ಕ್ಯಾಲೆಂಡರ್ ನನಗೆ ತುಂಬಾ ಬೇಕಾದ ವಸ್ತು.

ಹೊರಗಡೆ ತಿಂಡಿಗೆ ಅಂದಾಜೇ ಗತಿ. ದರ್ಶಿನಿಯ ಮಸಾಲೆ ದೋಸೆಯಲ್ಲಿ ಬೆಣ್ಣೆ ಎಣ್ಣೆ ಜಾಸ್ತಿ ಇರೋದರಿಂದ ಶುಗರ್ ತಡವಾಗಿ ಏರುತ್ತದೆ, ಎರಡು ಗಂಟೆಗೆ ಚೆನ್ನಾಗಿದ್ದು ನಾಲ್ಕು ಗಂಟೆಗೆ ಮೇಲೆ ಹೋಗಿರುತ್ತದೆ. ಮೀಟರ್‌ಗೆ ಗ್ರಾಂ ಮಾತ್ರ ಗೊತ್ತು, ಬೆಣ್ಣೆ ಗೊತ್ತಿಲ್ಲ. ಮತ್ತೆ ಒಂದು ಮಾತು, ಬೆಂಗಳೂರಿನವರಿಗೆ ಮುಖ್ಯವಾದದ್ದು: ಮನೆಯಲ್ಲೇ ಇನ್ಸುಲಿನ್ ಹಾಕಿಕೊಂಡು ಹೋಟೆಲಿಗೆ ಹೊರಡಬೇಡಿ. ಊಟಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ ಹಾಕಬೇಕು ಅನ್ನೋದು ಸರಿ, ಆದರೆ ಸಿಲ್ಕ್ ಬೋರ್ಡ್ ಹತ್ತಿರ ಗಾಡಿ ನಿಂತರೆ ಆ ಹದಿನೈದು ನಿಮಿಷ ಒಂದು ಗಂಟೆ ಆಗುತ್ತದೆ. ತಟ್ಟೆ ಮುಂದೆ ಬರಲಿ, ಆಮೇಲೆ ಹಾಕಿ.

ರೀಡಿಂಗ್ ತಪ್ಪಾದರೆ ಡೋಸ್ ಕೂಡ ತಪ್ಪು. ಮಾವಿನ ಹಣ್ಣು ಸುಲಿದ ಕೈಯಲ್ಲಿ ಬೆರಳು ಚುಚ್ಚಿದರೆ ಚರ್ಮದ ಮೇಲಿನ ಸಕ್ಕರೆ ಸೇರಿ ಶುಗರ್ ಎಲ್ಲೋ ಮೇಲಕ್ಕೆ ತೋರಿಸುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರಲ್ಲಿ ತೊಳೆದು ಒಣಗಿಸಬೇಕು. ಕೈ ಶುದ್ಧ ಇದ್ದರೂ ಮೀಟರ್‌ಗಳಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಮೀಟರ್‌ಗಳ ನಿಖರತೆಗೆ ಇರುವ ಅಂತರರಾಷ್ಟ್ರೀಯ ನಿಯಮ, 2013ರ ಐಎಸ್ಒ 15197ರಲ್ಲಿ, 100ರಿಂದ ಮೇಲಿನ ರೀಡಿಂಗ್‌ಗಳಲ್ಲಿ ಶೇಕಡಾ 15ರಷ್ಟು ಆಚೀಚೆ ಒಪ್ಪಿಗೆ ಇದೆ. ನಿಜಕ್ಕೂ 200 ಇದ್ದರೆ 170 ತೋರಿಸಬಹುದು, 230 ತೋರಿಸಬಹುದು. ನಮ್ಮ 50ರ ಲೆಕ್ಕದಲ್ಲಿ ಅದು ಒಂದು ಯುನಿಟ್‌ಗಿಂತ ಜಾಸ್ತಿ ವ್ಯತ್ಯಾಸ. ಮಗು ಬೆವರುತ್ತಿದೆ, ಕೈ ನಡುಗುತ್ತಿದೆ, ಮೀಟರ್ 220 ಅಂತಿದೆ ಅಂದ್ರೆ ಡೋಸ್ ಕೊಡಬೇಡಿ, ಕೈ ತೊಳೆಸಿ ಇನ್ನೊಂದು ಸ್ಟ್ರಿಪ್ ಹಾಕಿ. 70ಕ್ಕಿಂತ ಕಮ್ಮಿ ಇದ್ದರೆ ಲೆಕ್ಕ ಎಲ್ಲ ಆಮೇಲೆ, ಮೊದಲು ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ.

ಯಾರಿಗೆ ಈ ಮೀಟರ್ ಆಗೋದಿಲ್ಲ ಅಂತಲೂ ಹೇಳಬೇಕು. ನಮ್ಮಲ್ಲಿ ತುಂಬಾ ಜನ 30/70 ಮಿಕ್ಸ್ ಇನ್ಸುಲಿನ್ ತಗೊಳ್ಳುತ್ತಾರೆ. ಅದರಲ್ಲಿ ಬೇಗ ಕೆಲಸ ಮಾಡುವುದೂ ನಿಧಾನದ್ದೂ ಒಟ್ಟಿಗೆ ಬೆರೆತಿರುತ್ತದೆ, ಊಟ ನೋಡಿ ಒಂದನ್ನು ಮಾತ್ರ ಏರಿಸಿ ಇಳಿಸೋಕೆ ಬರೋದಿಲ್ಲ, ಹಾಗಾಗಿ ಈ ಲೆಕ್ಕ ಅವರಿಗಲ್ಲ. ಬಾಟಲಿ ಮತ್ತು ಸಿರಿಂಜ್ ಬಳಸುವವರು ಇನ್ನೊಂದು ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಎಂಎಲ್‌ಗೆ 40 ಯುನಿಟ್‌ನ ಬಾಟಲಿಗಳೂ ಇವೆ, 100 ಯುನಿಟ್‌ನವೂ ಇವೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಬಣ್ಣದ್ದು. ಅದಲು ಬದಲಾದರೆ ಎರಡೂವರೆ ಪಟ್ಟು ವ್ಯತ್ಯಾಸ, ಮೀಟರ್ ಎಷ್ಟು ಸರಿಯಾಗಿ ಹೇಳಿದರೂ ಉಪಯೋಗ ಇಲ್ಲ.

ವಿದೇಶದಿಂದ ನೆಂಟರು ತರುತ್ತಾರೆ ಅಂದ್ರೆ ಮುಂಚೆಯೇ ಎರಡು ಪ್ರಶ್ನೆ ಕೇಳಿ. ಸ್ಟ್ರಿಪ್ ಇಲ್ಲಿ ಸಿಗುತ್ತದಾ? ಮತ್ತೆ ಯಾವ ಅಳತೆ? ಇಂಗ್ಲೆಂಡಿನ ಮೀಟರ್‌ಗಳು ಮಿಲಿಮೋಲ್‌ನಲ್ಲಿ ತೋರಿಸುತ್ತವೆ, ಅಲ್ಲಿನ 10 ಅಂದರೆ ನಮ್ಮ 180. ನಡುರಾತ್ರಿ 18ರಿಂದ ಗುಣಿಸುತ್ತಾ ಕೂರೋದು ಬೇಡ.

ಫೋನಿನಲ್ಲೇ ಆ್ಯಪ್ ಇದೆಯಲ್ಲ ಅಂತ ಕೇಳುತ್ತಾರೆ. ಹುಷಾರು. 2015ರಲ್ಲಿ ಬಿಎಂಸಿ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಇನ್ಸುಲಿನ್ ಡೋಸ್ ಹೇಳುವ 46 ಆ್ಯಪ್‌ಗಳನ್ನು ಪರೀಕ್ಷಿಸಿದ್ದರು, 31ರಲ್ಲಿ ತಪ್ಪು ಡೋಸ್ ಬರುವ ಅಪಾಯ ಕಂಡಿತ್ತು. ಆಮೇಲೆ ಒಳ್ಳೆಯವೂ ಬಂದಿವೆ, ಆದರೆ ಡಾಕ್ಟರ್ ನೋಡಿ ಒಪ್ಪದ ಆ್ಯಪ್ ಮಗುವಿನ ಮೇಲೆ ಬಳಸೋಕೆ ನನಗೆ ಧೈರ್ಯ ಇಲ್ಲ. ಅಬಾಟ್ ಕಂಪನಿಯ ಫ್ರೀಸ್ಟೈಲ್ ಇನ್ಸುಲಿಂಕ್ಸ್ ಮೀಟರ್ ಯುರೋಪಿನಲ್ಲಿ ಡೋಸ್ ಲೆಕ್ಕದ ಸಮೇತ ಬಂದಿತ್ತು. ಅದೇ ಮೀಟರ್‌ಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಆ ಲೆಕ್ಕ ಬಿಟ್ಟು. ಶುಗರ್ ತೋರಿಸೋದೇ ಬೇರೆ, ಔಷಧದ ಡೋಸ್ ಹೇಳೋದೇ ಬೇರೆ ಅಂತ ಸರ್ಕಾರಗಳು ನೋಡುವಾಗ ನಾವೂ ಹಾಗೇ ನೋಡೋದು ಒಳ್ಳೇದು.

ಹಾಗಂತ "ಡೋಸ್ ಹೇಳೋದು ಡಾಕ್ಟರ್ ಕೆಲಸ, ಮನೆಯಲ್ಲಿ ಮಾಡಬಾರದು" ಅನ್ನುವ ನೆಂಟರ ಮಾತನ್ನು ನಾನು ಒಪ್ಪೋದಿಲ್ಲ. 1969ರ ಸುಮಾರಿಗೆ ಅಮೆರಿಕದಲ್ಲಿ ಮೀಟರ್‌ಗಳನ್ನು ರೋಗಿಗಳಿಗೆ ಮಾರುತ್ತಲೇ ಇರಲಿಲ್ಲ. ರಿಚರ್ಡ್ ಬರ್ನ್‌ಸ್ಟೈನ್ ಅಂತ ಒಬ್ಬ ಎಂಜಿನಿಯರ್, ಅವರಿಗೂ ಟೈಪ್ 1, ಡಾಕ್ಟರ್ ಆಗಿದ್ದ ಹೆಂಡತಿಯ ಹೆಸರಿನಲ್ಲಿ ಒಂದು ಮೀಟರ್ ತರಿಸಿಕೊಂಡು ದಿನಕ್ಕೆ ಹಲವು ಸಲ ತಮ್ಮದೇ ಶುಗರ್ ನೋಡಿ ಡೋಸ್ ಸರಿಮಾಡಿಕೊಂಡರು. ಆಮೇಲೆ ತಾವೇ ಓದಿ ಡಾಕ್ಟರ್ ಆದರು. ದಿನಕ್ಕೆ ಮೂರು ಹೊತ್ತು ಊಟದ ಪಕ್ಕದಲ್ಲಿ ಯಾವ ಡಾಕ್ಟರ್ ಬಂದು ಕೂರುತ್ತಾರೆ, ಹೇಳಿ? ಕೂರುವವರು ನಾವು. ಕಲಿಯಬೇಕಾದವರೂ ನಾವೇ.

ಕೊನೆಗೆ ಒಂದು ಕೆಲಸದ ಮಾತು. ಕೆಲವು ಮೀಟರ್‌ಗಳಲ್ಲಿ ಆಟ, ಜ್ವರ, ಮುಟ್ಟಿನ ಮುಂಚಿನ ದಿನಗಳು ಅಂತ ಡೋಸ್ ಶೇಕಡಾ ಇಷ್ಟು ಏರಿಸೋ ಇಳಿಸೋ ಸೌಲಭ್ಯ ಇರುತ್ತದೆ. ಖೋಖೋ ಪ್ರಾಕ್ಟೀಸ್ ಇರುವ ದಿನ ನಮ್ಮವಳಿಗೆ ಕಮ್ಮಿ ಸಾಕು, ಮುಟ್ಟಿಗೆ ಎರಡು ದಿನ ಮುಂಚೆ ಜಾಸ್ತಿ ಬೇಕು. ಇದು ಪ್ರತಿ ಮಗುವಿಗೂ ಬೇರೆ. ಜ್ವರ ವಾಂತಿ ಇದ್ದಾಗ ಮೀಟರ್ ಹೇಳಿದ್ದರ ಮೇಲೆ ನಿಲ್ಲಬೇಡಿ, ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸಿದಾಗ ಸೇರುವ ಆಮ್ಲ) ನೋಡಿ ಡಾಕ್ಟರಿಗೆ ಫೋನ್ ಮಾಡಿ. ಈ ವಯಸ್ಸಿನಲ್ಲಿ ಮಕ್ಕಳು ಬೆಳೆಯುತ್ತಲೇ ಇರುತ್ತಾರೆ, ಮೂರು ತಿಂಗಳ ಹಿಂದೆ ಹಾಕಿಟ್ಟ ಸಂಖ್ಯೆಗಳು ಈಗ ಸರಿಹೋಗದೇ ಇರಬಹುದು, ಹಾಗಾಗಿ ಪ್ರತಿ ಭೇಟಿಯಲ್ಲೂ ಮೀಟರನ್ನೇ ಡಾಕ್ಟರ್ ಕೈಗೆ ಕೊಟ್ಟು ಸೆಟ್ಟಿಂಗ್ ನೋಡಿಸಿ. ಹೊಸ ಸಂಖ್ಯೆಯನ್ನು ಅವರ ಎದುರಲ್ಲೇ ಹಾಕಿ, ಒಂದು ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಮೀಟರ್ ಕೆಟ್ಟರೆ ಹೊಸದಕ್ಕೆ ಅದನ್ನೇ ನೋಡಿ ಹಾಕಬಹುದು.