ಹೆಸರು ಹಿಡಿದು ಕರೆಯಬಾರದೇ?

"ಏ ಹ್ಯಾಂಡಿಕ್ಯಾಪ್, ನೀ ಆ ಕಡೆ ನಿಂದ್ರ!"

ಮಂಗಳವಾರ ಪಾಸಿನ ಸಾಲಿನಲ್ಲಿದ್ದ ನನ್ನ ತಂಗಿಗೆ ಕೌಂಟರಿನವರು ಕೂಗಿ ಹೇಳಿದ ಮಾತಿದು. ಅವಳ ಹೆಸರು, ಫೋಟೊ ಇದ್ದ ಅರ್ಜಿ ಅವರ ಕೈಯಲ್ಲೇ ಇತ್ತು. ಸಾಲಿನವರೆಲ್ಲ ಮೊದಲು ಅವಳ ಕಾಲು ನೋಡಿದರು, ಆಮೇಲೆ ಮುಖ. ಕೌಂಟರಿನವರಿಗೆ ಕೆಟ್ಟ ಉದ್ದೇಶ ಇರಲಿಲ್ಲ ಅಂತ ತಂಗಿಯೇ ಹೇಳುತ್ತಾಳೆ. ಇರಲಿಕ್ಕಿಲ್ಲ. ಆದರೂ ಕೈಯಲ್ಲಿ ಹೆಸರು ಹಿಡಿದುಕೊಂಡು ಕಾಲನ್ನು ಕರೆಯುವವರನ್ನು ನಾನು ಸಜ್ಜನರು ಅನ್ನಲಾರೆ.

ಅದೇ ಸಂಜೆ ಓಣಿಯ ಮಾಮಾ ಬಂದಿದ್ದರು. 2022ರ ಆಗಸ್ಟಿನಲ್ಲಿ ಚಿರತೆ ಹೊಕ್ಕು ಬೆಳಗಾವಿಗೆಲ್ಲ ದಿಗಿಲು ಹುಟ್ಟಿಸಿತ್ತಲ್ಲ, ಆ ಗಾಲ್ಫ್ ಮೈದಾನದಲ್ಲಿ ಆಟಗಾರರ ಕೋಲಿನ ಚೀಲ ಹೊರುವ ಕ್ಯಾಡಿ ಆಗಿದ್ದವರು. "ನಮ್ಮ ಸಾಹೇಬರ ಹ್ಯಾಂಡಿಕ್ಯಾಪ್ ಬರೇ ಆರು" ಅಂತ ಹೆಮ್ಮೆಯಿಂದ ಶುರು ಮಾಡಿದರು. ತಂಗಿ ತಲೆ ಎತ್ತಿದಳು. ಹಂಗಂದ್ರೇನು ಮಾಮಾ?

ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕುವ ಆಟ ಗಾಲ್ಫ್; ಆಟಗಾರನ ಮಟ್ಟಕ್ಕೆ ಕೊಡುವ ಅಂಕಿ ಹ್ಯಾಂಡಿಕ್ಯಾಪ್, ಅದು ಚಿಕ್ಕದಿದ್ದಷ್ಟೂ ಆಟ ಜೋರು. ಒಬ್ಬರದು 6, ಎದುರಾಳಿಯದು 18 ಇದ್ದರೆ ಎದುರಾಳಿಗೆ 12 ಹೊಡೆತ ಬಿಟ್ಟುಕೊಡಬೇಕು. ಕಾರ್ಡಿನಲ್ಲಿ ಕಠಿಣ ಅಂತ ಗುರುತಿಸಿದ 12 ಕುಳಿಗಳಲ್ಲಿ ಒಂದೊಂದು. "ದಯಾ ಅಲ್ಲವ್ವಾ ಅದು, ಲೆಕ್ಕ" ಅಂದರು ಮಾಮಾ.

ನೌಕಾಪಡೆಯಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದರೆ, ಹಾಯಿದೋಣಿ ಪಂದ್ಯದಲ್ಲೂ ಹಿಂಗ ಐತಿ ಅಂದ. ದೋಣಿಯ ಉದ್ದ, ತೂಕ, ಹಾಯಿ ನೋಡಿ ಒಂದು ಅಂಕಿ ಕೊಡುತ್ತಾರೆ. ಆ ಅಂಕಿಯ ಪ್ರಕಾರ ವೇಗದ ದೋಣಿ ತೆಗೆದುಕೊಂಡ ಸಮಯವನ್ನು ಲೆಕ್ಕದಲ್ಲಿ ಹೆಚ್ಚು ಏರಿಸುತ್ತಾರೆ. ಆಸ್ಟ್ರೇಲಿಯಾದ 2023ರ ಸಿಡ್ನಿ–ಹೋಬಾರ್ಟ್ ಪಂದ್ಯದಲ್ಲಿ 628 ನಾಟಿಕಲ್ ಮೈಲಿ ಸಾಗಿ, 51 ಸೆಕೆಂಡಿನ ಅಂತರದಲ್ಲಿ ಮೊದಲು ಗೆರೆ ದಾಟಿದ್ದು ಲಾಕನೆಕ್ಟ್ ದೋಣಿ. ಲೆಕ್ಕ ಹಾಕಿದ ಮೇಲೆ ಒಟ್ಟಾರೆ ಗೆದ್ದವರಿಗೆ ಕೊಡುವ ಟ್ಯಾಟರ್ಸಾಲ್ ಕಪ್ ಹೋಗಿದ್ದು ಹಿಂದಿನಿಂದ ಬಂದ ಅಲೈವ್ ದೋಣಿಗೆ. ಹಿಂದೆ ಬಂದವರು ಕಪ್ ಕಸಿದರು ಅಂತ ಅಲ್ಲಿ ಯಾರೂ ಗೊಣಗುವುದಿಲ್ಲವಂತೆ.

ನಮ್ಮಲ್ಲಿ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಅವರಿಗಾಗಿ ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ. 4ರಷ್ಟು ಹುದ್ದೆ ಮೀಸಲಿಡಬೇಕು ಅನ್ನುತ್ತದೆ. ಅದನ್ನು ಭಿಕ್ಷೆ ಅಂತ ಎಣಿಸುವ ಓದಿದವರು ನನ್ನ ನೆಂಟರಲ್ಲೇ ಇದ್ದಾರೆ. ಮೆಟ್ಟಿಲು ಹತ್ತಲು ತಂಗಿಗೆ ಬೀಳುವ ಶ್ರಮ ಇವರ ಯಾವ ಕಾರ್ಡಿನಲ್ಲೂ ಇಲ್ಲ.

ಆ ಕೂಗು ಇನ್ನೂ ಕಿವಿಯಲ್ಲಿದೆ. ಹ್ಯಾಂಡಿಕ್ಯಾಪ್ ಅನ್ನುವುದಕ್ಕಿಂತ ಆಮೇಲಿನ "ಆ ಕಡೆ ನಿಂದ್ರ" ನನ್ನನ್ನು ಹೆಚ್ಚು ಸುಡುತ್ತಿದೆ. ಗಾಲ್ಫಿನಲ್ಲಿ ಆರರವರೂ ಹದಿನೆಂಟರವರೂ ಒಂದೇ ಹುಲ್ಲಿನ ಮೇಲೆ ಜೊತೆಯಾಗಿ ನಡೆಯಲಿ ಅಂತಲೇ ಆ ಅಂಕಿ ಇರುವುದು. ಇಲ್ಲಿ ಅದೇ ಹೆಸರಿಟ್ಟು ಸಾಲಿನಿಂದ ಹೊರಗೆ ಕಳಿಸುತ್ತೇವೆ.

ಸೋಮವಾರ ಪಾಸ್ ತರಲು ಹೋಗಬೇಕು. ನಾನೂ ಹೋಗುತ್ತೇನೆ. ಅರ್ಜಿಯಲ್ಲಿ ಇವಳ ಹೆಸರು ಐತ್ರಿ, ಓದಿ ಕರೀರಿ ಅಂತ ಮೊದಲೇ ಹೇಳುವವಳಿದ್ದೇನೆ.