ನರ್ಸರಿಗೆ ದೂರದ ಸಹಾಯಕಿ: ಯಾವ ಉತ್ತರ ಅವರದು, ಯಾವುದು ನನ್ನದು

ನರ್ಸರಿಯವರ ಎರಡು ಕೈಯೂ ಮಣ್ಣಿನಲ್ಲಿರುವ ತಿಂಗಳುಗಳಲ್ಲೇ ಮೊಬೈಲ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಶಿರಸಿ ಸೀಮೆಯಲ್ಲಿ ಗಿಡ ಬೆಳೆಸಿ ಮಾರುವ ಯಾರನ್ನು ಕೇಳಿದರೂ ಮಳೆಗಾಲ ಹಿಡಿಯುವ ಹೊತ್ತಿನ ಈ ಪಾಡನ್ನೇ ಹೇಳುತ್ತಾರೆ. ಮೆಣಸಿನ ಬಳ್ಳಿ ಇದೆಯೇ, ದರವೆಷ್ಟು, ಬಸ್ಸಿಗೆ ಹಾಕುತ್ತೀರಾ, ನಿನ್ನೆ ಹಾಕಿದ ಹಣ ಮುಟ್ಟಿತೇ? ಉತ್ತರ ತಡವಾದರೆ ಗಿರಾಕಿ ಬೇರೆ ಕಡೆ ಹೋಗುತ್ತಾರೆ. ಉತ್ತರಿಸುತ್ತಾ ಕುಳಿತರೆ ಗಿಡದ ಕೆಲಸ ಹಿಂದೆ ಬೀಳುತ್ತದೆ. ಮನೆಯಿಂದಲೇ ಕೆಲಸ ಮಾಡುವ ವರ್ಚುವಲ್ ಅಸಿಸ್ಟೆಂಟ್ ಒಬ್ಬರನ್ನು ನಾನು ನೇಮಿಸಿಕೊಂಡದ್ದು ಇದಕ್ಕಾಗಿ. ಅವರು ಕುಮಟಾ ಕಡೆಯ ಹಳ್ಳಿಯಲ್ಲಿ, ನಾನು ಮೇಲೆ ಶಿರಸಿಯಲ್ಲಿ. ನಡುವೆ ದೇವಿಮನೆ ಘಟ್ಟ.

ಸಣ್ಣ ವ್ಯಾಪಾರ ನಡೆಸುವ ಗೆಳತಿಯರು ‘ಎಂಥವರನ್ನು ಹುಡುಕಬೇಕು’ ಎಂದು ಕೇಳಿದಾಗ ನಾನು ಕೊಡುವ ಉತ್ತರ ಒಂದೇ. ಗೊತ್ತಿಲ್ಲದ ಕಡೆ ನಿಂತು, ಕೇಳಿ, ಆಮೇಲೆ ಹೇಳುವವರನ್ನು ಹುಡುಕಿ. ಉಳಿದದ್ದನ್ನು ಕಲಿಸಬಹುದು.

ನಮ್ಮ ಕಸುಬಿನಲ್ಲಿ ಇದು ಎಷ್ಟು ಮುಖ್ಯ ಎನ್ನುವುದಕ್ಕೆ ಜಾಯಿಕಾಯಿ ಗಿಡವನ್ನೇ ನೋಡಿ. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡಾಗುತ್ತವೆ. ಯಾವುದು ಗಂಡು ಎಂಬುದು ಹೂ ಬಿಡುವವರೆಗೆ, ಅಂದರೆ ಸುಮಾರು ಆರೇಳು ವರ್ಷ, ತಿಳಿಯುವುದಿಲ್ಲ. ಮುರುಗಲಿನ (ಕೋಕಂ) ಕಥೆಯೂ ಇದೇ. ಆದ್ದರಿಂದಲೇ ಚೆನ್ನಾಗಿ ಕಾಯಿ ಬಿಡುವ ಹೆಣ್ಣು ಮರದ ಕಡ್ಡಿ ತಂದು ಕಸಿ ಕಟ್ಟುತ್ತೇವೆ. ಅದರಲ್ಲಿಯೂ ಜಾಯಿಕಾಯಿಯ ಕಡ್ಡಿಯನ್ನು ಅಡ್ಡ ರೆಂಬೆಯಿಂದ ತೆಗೆದರೆ ಗಿಡ ಪೊದೆಯಂತೆ ಹರಡುತ್ತದೆ. ನೆಟ್ಟಗೆ ಏರುವ ಚಿಗುರಿನಿಂದ ತೆಗೆದರೆ ಮರವಾಗಿ ಮೇಲೇಳುತ್ತದೆ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಗೇಣುದ್ದ ನಿಂತಿರುವಾಗ ಹೊಸಬರ ಕಣ್ಣಿಗೆ ಇವೆಲ್ಲ ಒಂದೇ ಗಿಡ. ‘ಇದು ಕಸಿ ತಾನೇ?’ ಎಂದು ಕೇಳಿದವರಿಗೆ ‘ಹೌದು’ ಎಂದು ಬರೆಯಲು ಕ್ಷಣ ಸಾಕು. ಆ ಹೌದು ಸುಳ್ಳಾದರೆ ಒಬ್ಬ ರೈತ ಆರೇಳು ವರ್ಷ ನೀರು, ಗೊಬ್ಬರ ಹಾಕಿ ಗಂಡು ಮರ ಸಾಕಿದಂತಾಗುತ್ತದೆ.

ಹಾಗಾಗಿ ಆಯ್ಕೆ ಮಾಡುವಾಗ ಪದವಿಯನ್ನಾಗಲಿ ಟೈಪಿಂಗ್ ವೇಗವನ್ನಾಗಲಿ ನೋಡಲಿಲ್ಲ. ಹಿಂದೆ ಬಂದಿದ್ದ ಕೆಲವು ಸಂದೇಶಗಳನ್ನು, ಗಿರಾಕಿಗಳ ಹೆಸರು, ನಂಬರ್ ತೆಗೆದು, ಆಸಕ್ತಿ ತೋರಿಸಿದವರಿಗೆ ಕಳಿಸಿ ಉತ್ತರ ಬರೆಯಲು ಹೇಳಿದೆ. ಆ ಹೊತ್ತಿನ ಕೆಲಸಕ್ಕೆ ಹಣ ಪಾವತಿಸಿದೆ. ಪರೀಕ್ಷೆಯ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ‘ಜಾಯಿಕಾಯಿ ಗಿಡ ಇದೆಯೇ, ಎಷ್ಟು ವರ್ಷಕ್ಕೆ ಫಲ?’ ಎಂಬ ಪ್ರಶ್ನೆಗೆ ಒಬ್ಬರು ಅಂತರ್ಜಾಲ ನೋಡಿ ಸೊಗಸಾದ ಭಾಷೆಯಲ್ಲಿ ಪ್ರಬಂಧವನ್ನೇ ಬರೆದರು. ಈಗ ನನ್ನ ಜೊತೆಗಿರುವವರು ಗಿರಾಕಿಗೆ ಏನನ್ನೂ ಬರೆಯದೆ ನನಗೇ ತಿರುಗಿ ಬರೆದರು: ‘ಅಕ್ಕ, ನಿಮ್ಮಲ್ಲಿರುವುದು ಕಸಿಯೋ, ಬೀಜದ ಸಸಿಯೋ? ಅದು ಗೊತ್ತಾಗದೆ ಫಲ ಯಾವಾಗ ಎಂದು ಹೇಗೆ ಹೇಳಲಿ?’ ನನಗೆ ಬೇಕಾಗಿದ್ದದ್ದು ಆ ಪ್ರಶ್ನೆಯೇ. ಅವರಿಗೆ ಕೊಂಕಣಿಯೂ ಚೆನ್ನಾಗಿ ಬರುತ್ತದೆ. ಕಾರವಾರ, ಗೋವಾ ಕಡೆಯ ಗಿರಾಕಿಗಳ ಜೊತೆ ಮಾತಾಡಲು ಅದು ದೊಡ್ಡ ಅನುಕೂಲ.

ಕೆಲಸ ಒಪ್ಪಿಸುವ ಮೊದಲು ನಮ್ಮ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಬೇಕು. ಪ್ರತಿ ಗಿಡಕ್ಕೆ ಒಂದು ಪುಟ ಮಾಡಿದೆ. ಬ್ರೆಜಿಲ್ ಮೂಲದ ಹಿಪ್ಪಲಿಯ ಮೇಲೆ ಕಸಿ ಕಟ್ಟಿದ ಮೆಣಸಿನ ಪುಟದಲ್ಲಿ ಹೀಗಿದೆ: ‘ನೀರು ನಿಲ್ಲುವ ಜಾಗದಲ್ಲೂ ತಡೆದುಕೊಳ್ಳುತ್ತದೆ. ಹಿಪ್ಪಲಿಯ ಬೇರಿಗೆ ಸೊರಗು ರೋಗದ ಕಾಟ ಕಡಿಮೆ. ಬೇಸಿಗೆಯಲ್ಲಿ ನೀರು ಬೇಕೇ ಬೇಕು. ರೋಗ ಬರುವುದೇ ಇಲ್ಲ ಎಂದು ಯಾರಿಗೂ ಹೇಳಬಾರದು.’ ಪುಟದ ಅಡಿಯಲ್ಲಿ ಒಂದು ಗೆರೆ. ಗೆರೆಯ ಮೇಲಿನದಕ್ಕೆ ಅವರೇ ಉತ್ತರಿಸಬಹುದು: ದರ, ದಾಸ್ತಾನು, ಗಿಡದ ಎತ್ತರ, ಬಸ್ಸಿಗೆ ಹಾಕುವ ದಿನ. ಗೆರೆಯ ಕೆಳಗಿನದು ನನ್ನದು: ರೋಗ, ಔಷಧದ ಪ್ರಮಾಣ, ಇಳುವರಿಯ ಮಾತು, ಸತ್ತ ಗಿಡಕ್ಕೆ ಬದಲಿ. ಹಳದಿಯಾದ ಎಲೆಯ ಫೋಟೊ ಕಳಿಸಿ ಮದ್ದು ಕೇಳುವವರು ದಿನವೂ ಇರುತ್ತಾರೆ. ನೀರು ನಿಂತು ಹಳದಿಯಾಯಿತೋ, ಬೇರು ಕೊಳೆತಿದೆಯೋ, ಪೋಷಕಾಂಶದ ಕೊರತೆಯೋ ಎಂಬುದು ಬರೀ ಫೋಟೊದಲ್ಲಿ ಕಾಣುವುದಿಲ್ಲ. ಅಂಥವರಿಗೆ ‘ಸಂಜೆಯೊಳಗೆ ಅಕ್ಕನವರೇ ಫೋನ್ ಮಾಡುತ್ತಾರೆ’ ಎಂಬ ಉತ್ತರ ಹೋಗುತ್ತದೆ, ನಾನು ಮಾಡಿಯೇ ಮಾಡುತ್ತೇನೆ. ಆ ಮಾತು ಒಮ್ಮೆ ತಪ್ಪಿದರೂ ಸಹಾಯಕಿಯ ಮಾತಿಗೆ ಬೆಲೆ ಉಳಿಯುವುದಿಲ್ಲ.

ಹಣದ ವಿಷಯದಲ್ಲಿ ನಾನು ಕಟ್ಟುನಿಟ್ಟು. ವಾಟ್ಸಾಪ್ ಬಿಸಿನೆಸ್‌ನ ಮೂಲ ಮೊಬೈಲ್ ನನ್ನ ಬಳಿಯೇ ಇದೆ. ಅವರದು ಜೋಡಿಸಿದ ಸಾಧನ. ಹಾಗೆ ನಾಲ್ಕು ಸಾಧನಗಳವರೆಗೆ ಜೋಡಿಸಬಹುದು, ಬೇಡವಾದದ್ದನ್ನು ಮೂಲ ಮೊಬೈಲಿನಿಂದಲೇ ತೆಗೆದುಹಾಕಬಹುದು. ಬ್ಯಾಂಕಿನ ಪಾಸ್‌ವರ್ಡ್, ಪಿನ್, ಒಟಿಪಿ ಅವರಿಗೆ ಕೊಟ್ಟಿಲ್ಲ, ಅವರೂ ಕೇಳುವುದಿಲ್ಲ. ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ನೋಡಿ ಗಿಡ ಕಳಿಸುವ ಪದ್ಧತಿಯೂ ನಮ್ಮಲ್ಲಿಲ್ಲ, ಅಂಥ ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು. ಹಣ ಖಾತೆಗೆ ಬಂದದ್ದನ್ನು ನಾನು ನೋಡಿ, ಇಬ್ಬರೂ ಬಳಸುವ ಗೂಗಲ್ ಶೀಟ್‌ನಲ್ಲಿ ಗುರುತು ಹಾಕಿದ ಮೇಲಷ್ಟೇ ಅವರು ಗಿರಾಕಿಗೆ ‘ಮುಟ್ಟಿತು’ ಎಂದು ಬರೆಯುತ್ತಾರೆ. ಇದು ಅವರ ಮೇಲಿನ ಅಪನಂಬಿಕೆಯಲ್ಲ. ಏನಾದರೂ ಹೆಚ್ಚುಕಡಿಮೆಯಾದಾಗ ದೂರದಲ್ಲಿ ಕುಳಿತವರ ಮೇಲೆ ಮೊದಲು ಅನುಮಾನ ಹೋಗುತ್ತದೆ. ಅದರಿಂದ ಅವರನ್ನು ಕಾಯುವ ಏರ್ಪಾಡು ಇದು.

ಮಳೆ ಜೋರಾದರೆ ಕರೆಂಟು ಹೋಗುತ್ತದೆ, ಹಿಂದೆಯೇ ಟವರು. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಂಡಿದ್ದಾರೆ, ಒಂದರ ಖರ್ಚು ನನ್ನದು. ಎರಡೂ ಇಲ್ಲದ ದಿನ ನಾನೇ ನಿಭಾಯಿಸುತ್ತೇನೆ, ಸಂಬಳ ಹಿಡಿಯುವುದಿಲ್ಲ.

ಸಂಬಳದ ಬಗ್ಗೆ ಒಂದು ಮಾತು. ಮಾರಿದ ಗಿಡಕ್ಕಿಷ್ಟು ಎಂದು ಕಮಿಷನ್ ಕೊಡಿ, ಉತ್ಸಾಹ ಬರುತ್ತದೆ ಎಂದವರಿದ್ದಾರೆ. ನಾನು ಒಪ್ಪಲಿಲ್ಲ. ಕಮಿಷನ್ ಇದ್ದರೆ ‘ನಿಮ್ಮ ಜಾಗಕ್ಕೆ ಈ ಗಿಡ ಬೇಡ’ ಎಂದು ಹೇಳುವ ಮನಸ್ಸು ಯಾರಿಗೆ ತಾನೇ ಬಂದೀತು? ವರ್ಷವಿಡೀ ತಿಂಗಳ ಸಂಬಳ, ಮಳೆಗಾಲದ ತಿಂಗಳುಗಳಲ್ಲಿ ಹೆಚ್ಚು. ನಾಟಿ ಮುಗಿದ ಮೇಲೆ ಬಿಟ್ಟು, ಮತ್ತೆ ಬೇಸಿಗೆಯಲ್ಲಿ ಕರೆದರೆ ಕಲಿತವರು ನಮಗಾಗಿ ಕಾಯುತ್ತಾ ಕೂರುವುದಿಲ್ಲ.

ಚಳಿಗಾಲದಲ್ಲಿ ಅವರಿಗೆ ಬೇರೆಯೇ ಕೆಲಸ. ಆ ವರ್ಷ ಗಿಡ ಒಯ್ದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಎಷ್ಟು ಬದುಕಿವೆ, ಎಷ್ಟು ಹೋದವು, ಮಣ್ಣು ಎಂಥದು, ನೆರಳು ಇದೆಯೇ ಎಂದು ಕೇಳಿ ಶೀಟ್ ತುಂಬಿಸುತ್ತಾರೆ. ಅದರಲ್ಲಿ ಒಂದು ಸಂಗತಿ ಎದ್ದು ಕಂಡಿತು: ಬಯಲುಸೀಮೆಯ ಅಂಚಿನ ತೋಟಗಳವರು ಹಿಪ್ಪಲಿ ಕಸಿ ಒಣಗುತ್ತಿದೆ ಎನ್ನುತ್ತಿದ್ದರು. ಈಗ ಆ ಗಿಡ ಕೇಳಿದವರಿಗೆ ದರ ಹೇಳುವ ಮೊದಲು ಸಹಾಯಕಿ ಬೇಸಿಗೆಯ ನೀರಿನ ಬಗ್ಗೆ ವಿಚಾರಿಸುತ್ತಾರೆ. ನೀರಿಲ್ಲ ಎಂದವರ ಹೆಸರು ಗೆರೆಯ ಕೆಳಗೆ, ನನ್ನ ಪಾಲಿಗೆ ಬರುತ್ತದೆ.