ಮಂಡಿ ಜೊತೆ ಮಾತಾಡಿಕೊಂಡು ಓಡಿದ ಭಾನುವಾರ

ನಿನ್ನೆ ನನ್ನ ಮೊದಲ ಸ್ಪ್ರಿಂಟ್ ಟ್ರಯಥ್ಲಾನ್ ಮುಗಿಸಿದೆ. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಒಲಿಂಪಿಕ್ಸ್‌ನಲ್ಲಿ ನಡೆಯುವುದರ ಸರಿಯಾಗಿ ಅರ್ಧ.

ಎರಡು ವರ್ಷದ ಹಿಂದೆ ಬಲ ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು. ಆಗ ಅಮ್ಮನ ಭುಜ ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ. ಈ ಮಳೆಗಾಲದಲ್ಲಿ ಎಡಭುಜವೂ ಹಿಡಿದುಕೊಂಡಿತು. ಎರಡು ತಿಂಗಳು ನೀರಿಗೆ ಇಳಿಯಲೇ ಇಲ್ಲ.

ನಿನ್ನೆ ಈಜಿನಲ್ಲಿ ಎಡಗೈ ಪೂರ್ತಿ ಚಾಚಲಿಲ್ಲ. ಕಪ್ಪೆಯ ಹಾಗೆ ಕಾಲು ಒದೆಯುವ ಬ್ರೆಸ್ಟ್‌ಸ್ಟ್ರೋಕ್‌ಗೆ ಬದಲಾಯಿಸೋಣ ಅಂದರೆ ಆ ಒದೆತ ಮಂಡಿಗೆ ಆಗುವುದಿಲ್ಲ. ಹಾಗಾಗಿ ಫ್ರೀಸ್ಟೈಲ್‌ನಲ್ಲೇ, ನಿಧಾನವಾಗಿ. ಸೈಕಲ್ ಚೆನ್ನಾಗಿ ಹೋಯಿತು.

ಕಷ್ಟ ಇದ್ದದ್ದು ಸೈಕಲ್ ಇಳಿದ ಮೇಲೆ. ಅಷ್ಟು ಹೊತ್ತು ಪೆಡಲ್ ತುಳಿದ ಕಾಲು ಓಟಕ್ಕೆ ತಕ್ಷಣ ಹೊಂದಿಕೊಳ್ಳುವುದಿಲ್ಲ. ತೊಡೆ ಕಲ್ಲಿನ ಹಾಗಿರುತ್ತದೆ. ಇದಕ್ಕೆಂದೇ ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ ಓಡಿ ಅಭ್ಯಾಸ ಮಾಡಿದ್ದೆ. ಆದರೂ ಮೊದಲ ಒಂದು ಕಿಲೋಮೀಟರ್ ಕಾಲು ನನ್ನದು ಅನ್ನಿಸಲೇ ಇಲ್ಲ.

ಮೂರನೇ ಕಿಲೋಮೀಟರ್‌ನಲ್ಲಿ ಮಂಡಿ ಚುಚ್ಚತೊಡಗಿತು. ಸ್ವಲ್ಪ ನಡೆದೆ, ಮತ್ತೆ ಓಡಿದೆ. ಆಗ ಗಮನಿಸಿದೆ, ನಾನು ಅದರ ಜೊತೆ ಮೆಲ್ಲಗೆ ಮಾತಾಡುತ್ತಿದ್ದೆ. "ಬಾ, ಇನ್ನು ಸ್ವಲ್ಪ ದೂರ ಅಷ್ಟೇ." ಎರಡು ವರ್ಷ ಈ ಮಂಡಿಯ ಮೇಲೆ ಬರೀ ಸಿಟ್ಟೇ ಇತ್ತು. ಅದು ಯಾವಾಗ ಕರಗಿತೋ ಗೊತ್ತಿಲ್ಲ. ಪಾಪ, ಅದೂ ನನ್ನ ಜೊತೆಗೇ ಇಷ್ಟು ದಿನ ಕಷ್ಟಪಟ್ಟಿದೆ, ಅಲ್ವಾ?

ಕೊನೆಯ ಗೆರೆ ದಾಟಿದಾಗ ಅಮ್ಮ ನನ್ನ ಮುಖ ನೋಡಲಿಲ್ಲ, ಮೊದಲು ಮಂಡಿ ಮುಟ್ಟಿ ನೋಡಿದರು. ಇವತ್ತು ಸ್ವಲ್ಪ ಊದಿಕೊಂಡಿದೆ. ಐಸ್ ಇಟ್ಟುಕೊಂಡು ಕೂತಿದ್ದೇನೆ.